ನಡುಬೀದಿಯಲ್ಲಿ ಮೂರು ಬಣ್ಣದ ಪಟ್ಟೆ

ರಸ್ತೆಯ ನಡುವೆ ಹಳದಿ ಗೆರೆ ಇರಬೇಕಾದ ಕಡೆ ಕೆಂಪು, ಬಿಳಿ, ನೀಲಿ ಪಟ್ಟೆ. ಮೊಮ್ಮಗ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮುಟ್ಟಿ ನೋಡಿದ. ‘ಅಜ್ಜಿ, ಬಣ್ಣ ಹತ್ತೋದಿಲ್ಲ’ ಎಂದು ಅಂಗೈ ತೋರಿಸಿದ. ಇದು ಅಮೆರಿಕದ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡ್‌ನ ಬ್ರಿಸ್ಟಲ್ ಊರಿನ ಹೋಪ್ ಸ್ಟ್ರೀಟ್. ಈ ಪಟ್ಟೆ ಹಬ್ಬ ಮುಗಿದ ಮೇಲೆ ಅಳಿಸಿಹಾಕುವಂಥದ್ದಲ್ಲ, ವರ್ಷವಿಡೀ ಇರುತ್ತದೆ. ಜುಲೈ 4ರ ಮೆರವಣಿಗೆ ಸಾಗುವ ದಾರಿ ಇದೇ ಎಂದು ಊರಿಗೆ ಕಾಲಿಟ್ಟವರಿಗೆಲ್ಲ ಅದೇ ಹೇಳಿಬಿಡುತ್ತದೆ.

ಬಾಸ್ಟನ್ ಹತ್ತಿರದ ಮಗಳ ಮನೆಯಿಂದ ನಸುಕಿಗೇ ಹೊರಟಿದ್ದೆವು. ಡಬ್ಬಿಯಲ್ಲಿ ಚಿತ್ರಾನ್ನ, ಡಿಕ್ಕಿಯಲ್ಲಿ ಮಡಚುವ ಕುರ್ಚಿಗಳು. ನಾವೇ ಬೇಗ ಬಂದೆವೆಂದುಕೊಂಡರೆ ರಸ್ತೆಯ ಎರಡೂ ಬದಿಯಲ್ಲಿ ಆಗಲೇ ಸಾಲುಸಾಲು ಕುರ್ಚಿ, ಕಂಬಳಿ. ತೇರಿನ ದಿನ ರಥಬೀದಿಯ ಜಗಲಿಗಳಲ್ಲಿ ಜಾಗ ಹಿಡಿಯುವುದನ್ನು ನೋಡಿದವರಿಗೆ ಈ ನೋಟ ಹೊಸದಲ್ಲ.

ಅಮೆರಿಕದ ಸ್ವಾತಂತ್ರ್ಯ ದಿನವನ್ನು ಅಲ್ಲಿನ ಊರೂರೂ ಆಚರಿಸುತ್ತದೆ. ಆದರೆ ಒಂದು ವರ್ಷವೂ ಬಿಡದೆ ಅತಿ ದೀರ್ಘಕಾಲದಿಂದ ಆಚರಿಸಿಕೊಂಡು ಬಂದ ಹೆಗ್ಗಳಿಕೆ ಬ್ರಿಸ್ಟಲ್‌ನದು. ಶುರುವಾದದ್ದು 1785ರಲ್ಲಿ. ಬ್ರಿಟಿಷರೊಂದಿಗಿನ ಯುದ್ಧ ಮುಗಿದು ಆಗ ಎರಡೇ ವರ್ಷ. ಆ ಯುದ್ಧದಲ್ಲಿ ಸೈನಿಕರಾಗಿದ್ದ ಹೆನ್ರಿ ವೈಟ್ ಎಂಬ ಪಾದ್ರಿ ಊರವರನ್ನು ಸೇರಿಸಿ ಪ್ರಾರ್ಥನೆ, ಭಾಷಣಗಳ ಸಭೆ ನಡೆಸಿದರು. ಅಂದು ಅಲ್ಲಿ ಕೂತಿದ್ದವರಿಗೆ ಸ್ವಾತಂತ್ರ್ಯ ಎಂಬುದು ಬರೀ ಮಾತಾಗಿರಲಿಲ್ಲ. 1775ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಹಡಗುಗಳು ಕೊಲ್ಲಿಯಿಂದಲೇ ಈ ಊರಿನ ಮೇಲೆ ಫಿರಂಗಿ ಹಾರಿಸಿದ್ದವು. ಸೈನ್ಯದ ಊಟಕ್ಕೆ ಊರವರು ಕುರಿಗಳನ್ನು ಒಪ್ಪಿಸಬೇಕಾಗಿ ಬಂದಿತ್ತು. 1778ರ ಮೇ ತಿಂಗಳಲ್ಲಿ ಸೈನಿಕರು ಬಂದು ಮನೆಗಳಿಗೆ ಬೆಂಕಿಯಿಟ್ಟರು. ಸುಟ್ಟ ಮನೆಗಳನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ ಜನ ಕೂಡಿ ಮಾಡಿದ ಹಬ್ಬ ಇದು. ಆ ಸಭೆ ಇಂದಿಗೂ ನಿಂತಿಲ್ಲ. ಪ್ರತಿ ವರ್ಷ ಮೆರವಣಿಗೆಗೆ ಮೊದಲು ಅದೇ ನಡೆಯುತ್ತದೆ. ಬ್ಯಾಂಡು, ಬಾವುಟಗಳ ಸಡಗರದಲ್ಲಿ ಬಹಳ ಜನ ಅದರತ್ತ ಸುಳಿಯುವುದಿಲ್ಲ. ನನಗಂತೂ ಈ ಹಬ್ಬದ ಬೇರು ಅಲ್ಲಿಯೇ ಇದೆ ಎನಿಸಿತು.

ಹತ್ತೂವರೆಗೆ ದೂರದಲ್ಲಿ ಡ್ರಮ್ ಸದ್ದು. ಮೊದಲು ಎದೆಗೆ ತಾಗಿತು, ಆಮೇಲೆ ಕಿವಿಗೆ. ಹಳೆಯ ಕಾಲದ ಉಡುಪು ತೊಟ್ಟು ಕೊಳಲು, ತಮಟೆ ನುಡಿಸುವ ತಂಡಗಳು, ನೌಕಾಪಡೆಯವರು, ಶಾಲಾ ಬ್ಯಾಂಡುಗಳು, ಗಂಟೆ ಬಾರಿಸುತ್ತ ಅಗ್ನಿಶಾಮಕ ವಾಹನಗಳು. ತೆರೆದ ಕಾರಿನಲ್ಲಿ ವಯಸ್ಸಾದ ಮಾಜಿ ಸೈನಿಕರು ಬಂದಾಗ ಅಲ್ಲಿಯವರೆಗೆ ಕೂಗಾಡುತ್ತಿದ್ದ ಜನ ಕುರ್ಚಿ ಬಿಟ್ಟೆದ್ದರು. ನಮ್ಮ ಪಕ್ಕದಲ್ಲಿ ಕೂತಿದ್ದ, ಕೋಲೂರಿಕೊಂಡು ಬಂದಿದ್ದ ಅಜ್ಜಿಯೂ ಮೊಮ್ಮಗಳ ಹೆಗಲು ಹಿಡಿದು ಎದ್ದು ನಿಂತರು. ಕಾರುಗಳೆಲ್ಲ ದಾಟುವವರೆಗೆ ಅವರು ಕೂರಲಿಲ್ಲ. ನಾವೂ ಕೂರಲಿಲ್ಲ. ನಮ್ಮ ಚಿತ್ರಾನ್ನ ಆ ಮೊಮ್ಮಗಳ ಕೈಸೇರಿತು, ಅವರ ಕಡೆಯಿಂದ ನಮಗೆ ಮಂಜುಗಟ್ಟಿದ ನಿಂಬೆ ಪಾನಕ ಬಂತು.

ಊರಿನ ಜನಸಂಖ್ಯೆ ಹೆಚ್ಚುಕಡಿಮೆ 22 ಸಾವಿರ. ಅಂದು ಬರುವವರು ಅದರ ಹಲವು ಪಟ್ಟು. ಇಷ್ಟನ್ನೂ ನಿಭಾಯಿಸುವುದು ಊರವರದೇ ಸಮಿತಿ. ಸಂಬಳವಿಲ್ಲದ ಸ್ವಯಂಸೇವಕರು ವರ್ಷವಿಡೀ ದುಡಿಯುತ್ತಾರೆ. ಜೂನ್ 14ರ ಧ್ವಜ ದಿನಕ್ಕೇ ಹಬ್ಬ ಶುರು. ಕಡಲಂಚಿನ ಉದ್ಯಾನದಲ್ಲಿ ಸಂಜೆಯ ಸಂಗೀತ, ಮಕ್ಕಳಿಗೆ ಎಂಜಿನ್ ಇಲ್ಲದ ಪೆಟ್ಟಿಗೆ ಗಾಡಿಗಳ ಇಳಿಜಾರು ಓಟ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಪದ್ಧತಿ. ಹಬ್ಬಕ್ಕೆಂದು ಅತಿ ದೂರದಿಂದ ಊರಿಗೆ ಮರಳಿದ ಬ್ರಿಸ್ಟಲ್‌ನವರನ್ನು ಹುಡುಕಿ ಗೌರವಿಸುತ್ತಾರೆ. ಜಾತ್ರೆಗೆ ತವರಿಗೆ ಬಂದ ಹೆಣ್ಣುಮಗಳಿಗೆ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವ ನಾಡಿನಿಂದ ಹೋದವಳು ನಾನು. ಈ ಪದ್ಧತಿಯ ಹಿಂದಿನ ಅಕ್ಕರೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋವಿಡ್ ಹರಡಿದ್ದ 2020ರಲ್ಲೂ ಊರವರು ಸರಪಣಿ ತುಂಡಾಗಲು ಬಿಡಲಿಲ್ಲ. ವಾಹನಗಳಷ್ಟೇ ಸಾಗಿದವು.

ಇದೇ ಬೀದಿಯಲ್ಲಿ ಲಿಂಡೆನ್ ಪ್ಲೇಸ್ ಎಂಬ ಬೆಳ್ಳಗಿನ ಭವ್ಯ ಮನೆಯಿದೆ. 1810ರಲ್ಲಿ ಕಟ್ಟಿಸಿದವನು ಜಾರ್ಜ್ ಡಿವೂಲ್ಫ್. ಆಫ್ರಿಕದಿಂದ ಮನುಷ್ಯರನ್ನು ಹಡಗುಗಳಲ್ಲಿ ತುಂಬಿ ತಂದು ಮಾರಿದ ಅಮೆರಿಕದ ಕುಟುಂಬಗಳಲ್ಲಿ ಡಿವೂಲ್ಫ್‌ರದು ಮುಂಚೂಣಿಯ ಹೆಸರು. ಎಲ್ಲರೂ ಸಮಾನರೆಂದು ಸಾರಿದ ಘೋಷಣೆಯ ಹಬ್ಬವನ್ನು ಈ ಊರು ಮಾಡುತ್ತಿದ್ದ ಕಾಲದಲ್ಲೇ ಇದೇ ಬಂದರಿನಿಂದ ಆ ಹಡಗುಗಳೂ ಹೊರಡುತ್ತಿದ್ದವು. ಹಬ್ಬದ ದಿನ ಇದನ್ನೇಕೆ ನೆನೆಯಬೇಕು ಎಂದು ಅಳಿಯ ಕೇಳಿದರು. ಆ ದಿನವೇ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ. ಮೆರವಣಿಗೆ ಆ ಮನೆಯ ಮುಂದೆಯೇ ಹಾದುಹೋಗುತ್ತದೆ. ಮಕ್ಕಳು ಅದೇನೆಂದು ಕೇಳಿದರೆ ನಿಜವನ್ನೇ ಹೇಳಬೇಕು. ನಾನು ಮೊಮ್ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಆ ಮನೆಯನ್ನೇ ನೋಡುತ್ತ ನಿಂತ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ನಯಾಗರಾ, ನ್ಯೂಯಾರ್ಕ್ ನೋಡಿ ಬರುತ್ತಾರೆ. ಜುಲೈ ಮೊದಲ ವಾರ ಬಾಸ್ಟನ್ ಕಡೆ ಇದ್ದರೆ ಒಂದು ದಿನ ಬ್ರಿಸ್ಟಲ್‌ಗೆ ಮೀಸಲಿಡಿ. ರಸ್ತೆಗಳನ್ನು ಮುಚ್ಚುವ ಮೊದಲೇ ಊರು ಸೇರಿಕೊಳ್ಳಿ. ಟೋಪಿ, ನೀರು, ಕುರ್ಚಿ ಜೊತೆಗಿರಲಿ. ಬುತ್ತಿ ನಾಲ್ಕು ಜನಕ್ಕೆ ಹೆಚ್ಚಾಗುವಷ್ಟು ಕಟ್ಟಿಕೊಳ್ಳಿ, ಪಕ್ಕದ ಕುರ್ಚಿಯವರಿಗೂ ಬೇಕಾಗುತ್ತದೆ.