ಕಾರಿನ ಸ್ಟೀರಿಂಗ್ ದೀಪ: ಬೆಟ್ಟ ಹತ್ತುವ ಮುನ್ನ

ಮೈಸೂರಿನ ಲಕ್ಷ್ಮೀಪುರಂ ಬಡಾವಣೆಯ ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ಕಾರು ಅಪರೂಪದ ವಸ್ತುವಾಗಿತ್ತು. ಇಂದು ಅಲ್ಲಿಯ ಅಡ್ಡರಸ್ತೆಗಳ ಇಕ್ಕೆಲಗಳಲ್ಲಿಯೂ ಕಾರುಗಳೇ ನಿಂತಿವೆ. ರಜೆ ಬಂದಿತೆಂದರೆ ಹಿರಿಯರು ಮಕ್ಕಳೆಲ್ಲರನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಡುವ ಕುಟುಂಬಗಳು ಅನೇಕ. ಹೊರಡುವ ಮುನ್ನ ಚಾಲಕನ ಮುಂದಿರುವ ಒಂದು ಸಣ್ಣ ದೀಪವನ್ನು ಗಮನಿಸಬೇಕೆಂದು ಬಂಧುಗಳಲ್ಲಿ ನಾವು ವಿನಂತಿಸುತ್ತೇವೆ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಸ್ಟೀರಿಂಗನ್ನು ತೋಳ್ಬಲದಿಂದಲೇ ತಿರುಗಿಸಬೇಕಾಗಿತ್ತು. 1988ರಲ್ಲಿ ಜಪಾನಿನ ಸುಜುಕಿ ಸಂಸ್ಥೆಯು ಸರ್ವೋ ಎಂಬ ಪುಟ್ಟ ಕಾರಿಗೆ ವಿದ್ಯುತ್ ಮೋಟಾರಿನ ನೆರವನ್ನು ಜೋಡಿಸಿತು. ಇಂದಿನ ಬಹುತೇಕ ಕಾರುಗಳಲ್ಲಿರುವುದು ಇಂಥ ವ್ಯವಸ್ಥೆಯೇ. ಚಾಲಕನ ಕೈ ಎಷ್ಟು ಬಲ ಹಾಕುತ್ತಿದೆ ಎಂಬುದನ್ನು ಒಂದು ಸೆನ್ಸರ್ ಅಳೆಯುತ್ತದೆ. ಉಳಿದ ಶ್ರಮವನ್ನು ಮೋಟಾರು ವಹಿಸಿಕೊಳ್ಳುತ್ತದೆ.

ಚಾವಿ ತಿರುಗಿಸಿದಾಗ ಸ್ಟೀರಿಂಗ್ ಚಿತ್ರದ ದೀಪ ಬೆಳಗಿ, ಎಂಜಿನ್ ಹೊತ್ತಿಕೊಂಡ ಬಳಿಕ ಆರಬೇಕು. ಆರದಿದ್ದರೆ ಅಥವಾ ನಡುದಾರಿಯಲ್ಲಿ ಬೆಳಗಿದರೆ ಆ ನೆರವಿನಲ್ಲಿ ದೋಷವಿದೆಯೆಂದು ಅರ್ಥ. ಸಾಮಾನ್ಯ ಕಾರುಗಳಲ್ಲಿ ಚಕ್ರಕ್ಕೂ ಸ್ಟೀರಿಂಗಿಗೂ ಇರುವ ಉಕ್ಕಿನ ನಂಟು ಇದರಿಂದ ಕಡಿಯುವುದಿಲ್ಲ. ಕಾರು ತಿರುಗುತ್ತದೆ, ಆದರೆ ಬಹಳ ಭಾರವಾಗಿ. ವೇಗ ತಗ್ಗಿದಷ್ಟೂ ಭಾರ ಹೆಚ್ಚು. ತಾಳಬೆಟ್ಟದಿಂದ ಮೇಲಿನ ತಿರುವುಗಳಲ್ಲಿ, ಎದುರಿಗೆ ಬಸ್ಸು ಬಂದಾಗ, ಭುಜನೋವಿರುವ ಹಿರಿಯರ ಕೈಗೆ ಅದು ನಿಲುಕದೆ ಹೋಗಬಹುದು. ದೀಪ ಕೆಂಪಾಗಿದ್ದರಂತೂ ಒಡನೆಯೇ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸತಕ್ಕದ್ದು. ಹಳದಿಯಾಗಿದ್ದರೂ ಬೆಟ್ಟ ಹತ್ತುವುದು ಬೇಡ. ನಿಲ್ಲಿಸಿ, ಎಂಜಿನ್ ಆರಿಸಿ, ಕೆಲವು ನಿಮಿಷ ಕಳೆದು ಮತ್ತೆ ಹೊತ್ತಿಸಿ ನೋಡಬಹುದು. ದೀಪ ಆರಿದರೂ ಗ್ಯಾರೇಜಿಗೆ ತೋರಿಸುವುದು ಲೇಸು.

ಇಲ್ಲಿ ಒಂದು ದುರಭ್ಯಾಸವನ್ನು ಹೇಳಲೇಬೇಕು. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವವರು ಇನ್ನೂ ಇದ್ದಾರೆ. ಹಾಗೆ ಮಾಡಿದೊಡನೆ ಸ್ಟೀರಿಂಗಿನ ನೆರವು ಹೋಗುತ್ತದೆ. ನಾಲ್ಕಾರು ಬಾರಿ ತುಳಿಯುವಷ್ಟರಲ್ಲಿ ಬ್ರೇಕೂ ಗಡುಸಾಗುತ್ತದೆ. ಚಾವಿಯನ್ನು ಹೊರತೆಗೆದರೆ ಸ್ಟೀರಿಂಗಿಗೆ ಬೀಗವೇ ಬೀಳಬಹುದು. ನಾಲ್ಕು ರೂಪಾಯಿಯ ಉಳಿತಾಯಕ್ಕೆ ಮನೆಮಂದಿಯ ಪ್ರಾಣವನ್ನು ಒತ್ತೆಯಿಡುವುದು ಯಾವ ಜಾಣತನ?

ಪಂಪು ಮತ್ತು ಎಣ್ಣೆಯ ಬಲದಿಂದ ನಡೆಯುವ ಹಳೆಯ ಬಗೆಯ ಕಾರುಗಳಲ್ಲಿ ಎಣ್ಣೆಯ ಮಟ್ಟವನ್ನೂ ಬೆಲ್ಟನ್ನೂ ನೋಡಿಸಬೇಕು. ತಿರುಗಿಸುವಾಗ ಕೇಳುವ ಕೀರಲು ಸದ್ದೇ ಅವುಗಳ ಮುನ್ಸೂಚನೆ. ಮೋಟಾರಿನ ಬಗೆಯಲ್ಲಿ ಎಣ್ಣೆಯ ಮಾತಿಲ್ಲ. ಅಲ್ಲಿ ಸೆನ್ಸರ್ ಅಥವಾ ಮೋಟಾರು ಕೆಟ್ಟಿರಬಹುದು. ಆದರೆ ಸೊರಗಿದ ಬ್ಯಾಟರಿ, ಸಡಿಲಗೊಂಡ ತಂತಿ ಅಥವಾ ಸುಟ್ಟ ಫ್ಯೂಸಿನಿಂದಲೂ ದೀಪ ಹೊತ್ತುತ್ತದೆ. ಆದ್ದರಿಂದ ಇಡೀ ಸ್ಟೀರಿಂಗನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದರೆ, ಮೊದಲು ಬ್ಯಾಟರಿಯನ್ನು ಪರೀಕ್ಷಿಸಿ, ಯಂತ್ರದಿಂದ ದೋಷಸಂಕೇತವನ್ನು ಓದಿ ತೋರಿಸುವಂತೆ ಸಂಕೋಚವಿಲ್ಲದೆ ಕೇಳಿರಿ.