ಎಂಬತ್ತು ಡಾಲರಿನ ಕುದುರೆ ಮತ್ತು ವಲಸಿಗ ತರಬೇತುದಾರ

ಅಮೆರಿಕದಲ್ಲಿ ಕುದುರೆ ಸ್ಪರ್ಧೆಗಳ ಲೋಕ ಬಹುಕಾಲ ಸಿರಿವಂತರ ಸ್ವತ್ತಾಗಿತ್ತು. ಕೈಯಲ್ಲಿ ಹಣವಿಲ್ಲದ, ಇಂಗ್ಲಿಷ್ ಕೂಡ ಸರಿಯಾಗಿ ಬಾರದ ವಲಸಿಗನೊಬ್ಬ ಅಲ್ಲಿ ಹೆಸರು ಮಾಡಿದ್ದು ಕಸಾಯಿಖಾನೆಗೆ ಹೊರಟಿದ್ದ ಉಳುಮೆಯ ಕುದುರೆಯೊಂದರಿಂದ. ಆತನೇ ಹ್ಯಾರಿ ಡಿಲೇಯರ್.

1927ರಲ್ಲಿ ಜನಿಸಿದ ಡಿಲೇಯರ್ ನೆದರ್ಲೆಂಡ್ಸ್‌ನ ಸಿಂಟ್ ಓಡೆನ್‌ರೋಡೆ ಎಂಬ ಹಳ್ಳಿಯವರು. ಎರಡನೇ ಮಹಾಯುದ್ಧದ ನಂತರ, 1950ರಲ್ಲಿ ಪತ್ನಿ ಜೊಹಾನಾ ಜೊತೆ ಅಮೆರಿಕಕ್ಕೆ ಬಂದರು. ಮೊದಲು ಸಿಕ್ಕಿದ್ದು ನಾರ್ತ್ ಕೆರೊಲಿನಾದ ಹೊಗೆಸೊಪ್ಪಿನ ಹೊಲದಲ್ಲಿ ದುಡಿಮೆ. ಕುದುರೆಗಳನ್ನು ಪಳಗಿಸುವ ಕೈಗುಣ ಬೆಳಕಿಗೆ ಬಂದ ಮೇಲೆ ಲಾಯಗಳಲ್ಲಿ ಕೆಲಸ ದೊರೆಯಿತು. ಮುಂದೆ ಲಾಂಗ್ ಐಲೆಂಡ್‌ನ ನಾಕ್ಸ್ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸವಾರಿ ಕಲಿಸುವ ಶಿಕ್ಷಕರಾದರು.

ಇಲ್ಲೊಂದು ಅಂಶವನ್ನು ಗಮನಿಸಬೇಕು. ರೇಸ್‌ನಲ್ಲಿ ವಂಶಾವಳಿ ದಾಖಲಾದ ಥರೋಬ್ರೆಡ್ ಕುದುರೆಯೇ ಬೇಕು. ಅದರ ಬೆಲೆ ಬಡವನಿಗೆ ಎಟುಕದು. ತಡೆಗಳನ್ನು ದಾಟುವ 'ಷೋ ಜಂಪಿಂಗ್'ನಲ್ಲಾದರೋ ತಂದೆ-ತಾಯಿ ಯಾರೆಂದು ಕೇಳುವವರಿಲ್ಲ. ತಡೆ ಉರುಳದಂತೆ ಹಾರಿದರೆ ಸಾಕು. ಹಾಗಿದ್ದರೂ ಮೈದಾನದಲ್ಲಿ ಕಾಣುತ್ತಿದ್ದುದು ಬಹುಮಟ್ಟಿಗೆ ಹಣವಂತರ ಕುದುರೆಗಳೇ.

1956ರ ಫೆಬ್ರವರಿ. ಶಾಲೆಗೆ ಬೇಕಾದ ಸಾಧು ಕುದುರೆಯನ್ನರಸಿ ಡಿಲೇಯರ್ ಪೆನ್ಸಿಲ್ವೇನಿಯಾದ ನ್ಯೂ ಹಾಲೆಂಡ್ ಹರಾಜಿಗೆ ಹೋದರು. ತಲುಪುವಷ್ಟರಲ್ಲಿ ಹರಾಜು ಮುಗಿದು, ಯಾರಿಗೂ ಬೇಡವಾದ ಕುದುರೆಗಳು ಕಸಾಯಿಖಾನೆಯ ಲಾರಿ ಏರಿದ್ದವು. ಅವುಗಳಲ್ಲೊಂದು ಸುಮಾರು ಎಂಟು ವರ್ಷದ ಬೂದುಬಣ್ಣದ ಕುದುರೆ. ನೇಗಿಲೆಳೆದ ಗುರುತು ಮೈಮೇಲಿತ್ತು, ನೋಟ ಮಾತ್ರ ಶಾಂತ. 80 ಡಾಲರ್ ಕೊಟ್ಟು ಕೊಂಡರು. ಹಿಮ ಮೆತ್ತಿಕೊಂಡು ಬಂದಿಳಿದ ಅದಕ್ಕೆ ಮಕ್ಕಳು 'ಸ್ನೋಮ್ಯಾನ್' ಎಂದು ಹೆಸರಿಟ್ಟರು.

ಈ ಕಥೆಯನ್ನು ಅದೃಷ್ಟದ ಕಥೆಯೆಂದೇ ಹೇಳುವುದು ರೂಢಿ. ಆದರೆ ಕುದುರೆಯ ಶಕ್ತಿ ಮೊದಲು ಡಿಲೇಯರ್ ಅವರ ಕಣ್ಣಿಗೂ ಬಿದ್ದಿರಲಿಲ್ಲ. ಹಣದ ಅಗತ್ಯವಿದ್ದುದರಿಂದ ಅದನ್ನು ನೆರೆಯ ವೈದ್ಯರೊಬ್ಬರಿಗೆ ಮಾರಿಯೇಬಿಟ್ಟರು. ಅದು ಬೇಲಿಗಳನ್ನು ಹಾರಿ ಮತ್ತೆ ಮತ್ತೆ ಹಳೆಯ ಲಾಯಕ್ಕೇ ಮರಳಿತು. ಬೇಲಿ ಎತ್ತರಿಸಿದರೂ ನಿಲ್ಲಲಿಲ್ಲ. ಆಗ ಅವರು ತಮ್ಮ ಅಂದಾಜನ್ನು ಬದಲಿಸಿಕೊಂಡು ಕುದುರೆಯನ್ನು ವಾಪಸು ಪಡೆದರು.

ತರಬೇತಿ ಸರಾಗವಾಗಿರಲಿಲ್ಲ. ನೆಲದ ಮೇಲಿಟ್ಟ ಗಳುಗಳನ್ನೇ ಎಡವುತ್ತಿದ್ದ ಸ್ನೋಮ್ಯಾನ್, ತಡೆ ಎತ್ತರವಾದಂತೆ ಚೆನ್ನಾಗಿ ಹಾರುತ್ತಿತ್ತು. ನೆಗೆತಕ್ಕೆ ಬಲ ಬರುವುದು ಹಿಂಗಾಲುಗಳಿಂದ. ಉಳುಮೆ ಮಾಡಿದ ಪ್ರಾಣಿಗೆ ಆ ಬಲದ ಕೊರತೆಯಿರಲಿಲ್ಲ. ಗದ್ದಲಕ್ಕೆ ಬೆದರದ ಸ್ವಭಾವವೂ ಜೊತೆಗಿತ್ತು. ಕಲಿಸಬೇಕಿದ್ದುದು ಹೆಜ್ಜೆಯ ಲೆಕ್ಕವನ್ನಷ್ಟೇ.

1958ರಲ್ಲಿ ಈ ಜೋಡಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಓಪನ್ ಜಂಪರ್ ಚಾಂಪಿಯನ್ ಪಟ್ಟ ಗೆದ್ದಿತು. 1959ರಲ್ಲಿ ಮತ್ತೊಮ್ಮೆ ಗೆದ್ದಿತು. ಒಂದು ಲಕ್ಷ ಡಾಲರ್ ಕೊಡುತ್ತೇವೆಂದು ಬಂದವರಿಗೂ ಡಿಲೇಯರ್ ಕುದುರೆ ಮಾರಲಿಲ್ಲ. ಒಮ್ಮೆ ಮಾರಿ ನೋಡಿಯಾಗಿತ್ತಲ್ಲ!

ಬಳಿಕ ಶಿಷ್ಯರು ಹೆಚ್ಚಿದರು, ಸ್ವಂತ ಲಾಯ ಬೆಳೆಯಿತು. ವಯಸ್ಸಾದ ಮೇಲೂ ಸ್ಪರ್ಧಿಸುತ್ತಿದ್ದ ಅವರನ್ನು ಜನ 'ನಾಗಾಲೋಟದ ಅಜ್ಜ' ಎಂದು ಕರೆದರು. ಸ್ನೋಮ್ಯಾನ್ 1974ರಲ್ಲಿ ಸಾಯುವವರೆಗೂ ಡಿಲೇಯರ್ ಕುಟುಂಬದಲ್ಲೇ ಇತ್ತು. 1992ರಲ್ಲಿ ಅದರ ಹೆಸರು ಷೋ ಜಂಪಿಂಗ್ ಹಾಲ್ ಆಫ್ ಫೇಮ್ ಸೇರಿತು. ಡಿಲೇಯರ್ 2021ರಲ್ಲಿ, ತಮ್ಮ 93ನೇ ವಯಸ್ಸಿನಲ್ಲಿ ನಿಧನರಾದರು.