ರೈಲನ್ನೇರುವ ಮೋಟಾರು

ಸೇತುವೆಗಳಿಲ್ಲದ ಕಾಲದಲ್ಲಿ ನಮ್ಮ ಕರಾವಳಿಯ ಹೊಳೆಗಳನ್ನು ಮೋಟಾರುಗಳು ಜೋಡುದೋಣಿಗಳ ಮೇಲೇರಿ ದಾಟುತ್ತಿದ್ದುವು. ವಾಹನವನ್ನೇ ಹೊರುವ ವಾಹನವು ಕುಂದಾಪುರದವರಿಗೆ ನೂತನವಾದುದೇನೂ ಅಲ್ಲ.

ಪರದೇಶಗಳಲ್ಲಿ ಈ ಹೊರೆಯನ್ನು ರೈಲು ವಹಿಸಿಕೊಂಡು ಬಹುಕಾಲವಾಯಿತು. 1955ರಲ್ಲಿ ಲಂಡನ್ನಿನಿಂದ ಸ್ಕಾಟ್ಲೆಂಡಿನ ಪರ್ತ್ ನಗರಕ್ಕೆ ಇಂತಹ ರೈಲು ಹೊರಟಿತು. ಅಮೆರಿಕದಲ್ಲಿ 1971ರಲ್ಲಿ ಖಾಸಗಿ ಕಂಪೆನಿಯೊಂದು ವರ್ಜೀನಿಯದಿಂದ ಫ್ಲಾರಿಡಕ್ಕೆ ಓಡಿಸಿದ ರೈಲು 1981ರಲ್ಲಿ ನಿಂತುಹೋಯಿತು. 1983ರಲ್ಲಿ ಅಮ್‌ಟ್ರಾಕ್ ಸಂಸ್ಥೆಯು ಅದನ್ನು ಪುನಃ ಆರಂಭಿಸಿತು.

ನಮ್ಮ ಕೊಂಕಣ ರೈಲ್ವೆಯವರು 1999ರಿಂದ ಸರಕಿನ ಲಾರಿಗಳನ್ನು ರೈಲಿಗೇರಿಸಿ, ಮುಂದೆ ಸುರತ್ಕಲ್ಲಿನವರೆಗೂ ಸಾಗಿಸಿದರು. ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕಿನ ಬಾರಕೂರು ನಿಲ್ದಾಣಗಳಲ್ಲಿ ನಿಂತವರು, ಚಾಲಕರು ತಮ್ಮ ತಮ್ಮ ಲಾರಿಗಳಲ್ಲಿಯೇ ಕುಳಿತು ಸವಾರಿ ಹೋಗುವ ವಿನೋದವನ್ನು ಕಂಡೇ ಇರುವರು. 2025ರ ಗಣೇಶ ಚತುರ್ಥಿಗೆ ಕಾರುಗಳ ಸರದಿಯೂ ಬಂದಿತು: ಮಹಾರಾಷ್ಟ್ರದ ಕೋಲಾಡಿನಿಂದ ಗೋವೆಯ ವೆರ್ಣಕ್ಕೆ, ರೈಲೊಂದಕ್ಕೆ 40 ಕಾರು, ಕಾರೊಂದಕ್ಕೆ 7,875 ರೂಪಾಯಿ. ಜೊತೆಯ ಗಾಡಿಯಲ್ಲಿ ಕಾರೊಂದರ ಮೂವರಿಗೆ ಸ್ಥಳ. ಅವರ ಟಿಕೇಟು ಬೇರೆ.

ನಿರೀಕ್ಷಿಸಿದಷ್ಟು ಕಾರುಗಳು ಬರಲಿಲ್ಲ. ಬರುವುದಾದರೂ ಹೇಗೆ? ಮುಂಬಯಿಯಿಂದ ಕೋಲಾಡಿನವರೆಗಿನ ದಾರಿಯ ಕಷ್ಟವನ್ನು ಅನುಭವಿಸಿಯೇ ರೈಲನ್ನೇರಬೇಕಾಗಿದ್ದಿತು. ಹಬ್ಬಕ್ಕೆ ಊರಿಗೆ ಬರುವ ನಮ್ಮವರಾದರೋ ವೆರ್ಣದಲ್ಲಿಳಿದು, ಕಾರವಾರ ಭಟ್ಕಳಗಳನ್ನು ಹಾದು, ಬೈಂದೂರಿಗೆ ಮತ್ತೆ ತಾವೇ ನಡೆಸಿಕೊಂಡು ಬರಬೇಕು. ಲಾರಿಗೆ ಸುರತ್ಕಲ್ಲಿನವರೆಗೆ ದೊರೆತ ಹಾದಿಯು ಕಾರಿಗೆ ಗೋವೆಯಲ್ಲಿಯೇ ಮುಗಿದುದೇಕೆಂಬುದು ನಮಗೆ ತಿಳಿಯದು. ಇನ್ನೊಂದು ಚತುರ್ಥಿಗೆ ಈ ಪ್ರಯೋಗವನ್ನು ನಡೆಸುವುದಾದರೆ, ಕಾರುಗಳನ್ನು ಸುರತ್ಕಲ್ಲಿನವರೆಗೆ ತರಬೇಕೆಂದೂ, ಕುಂದಾಪುರದಲ್ಲಿ ಅವುಗಳನ್ನಿಳಿಸಲು ಇಳಿಜಾರಿನ ಕಟ್ಟೆಯೊಂದನ್ನು ಕಟ್ಟಿಸಬೇಕೆಂದೂ ರೈಲ್ವೆ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ.